ಹುಂಜ ಕದ್ದ ಅಜ್ಜಿ, ಬೆಳಗಾಗದ ಊರು

ಕೋಳಿ ಕೂಗದಿದ್ದರೆ ಬೆಳಗಾಗುವುದಿಲ್ಲವೇ ಎಂದು ಜಂಬದವರನ್ನು ಹಂಗಿಸುವುದು ನಮ್ಮಲ್ಲಿ ರೂಢಿ. ಅದರ ಬೆನ್ನಿಗಿರುವ ಕತೆಯನ್ನು ಕೇಳದೆ ಬೆಳೆದವರು ಕಡಿಮೆ. ತನ್ನ ಹುಂಜ ಕೂಗಿದರೇ ಊರಿಗೆ ಬೆಳಕು ಎಂದು ನಂಬಿದ ಮುದುಕಿ ಊರವರ ಮೇಲೆ ಮುನಿದು, ಕೋಳಿಯನ್ನು ಕಂಕುಳಿಗೆ ಇರುಕಿಕೊಂಡು ಕಾಡು ಸೇರುತ್ತಾಳೆ. ಮರುದಿನ ಸೂರ್ಯ ಎಂದಿನಂತೆ ಹುಟ್ಟುತ್ತಾನೆ. ಮಕ್ಕಳು ನಗುತ್ತಾರೆ.

ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ 16 ನಿಮಿಷಗಳ ಕನ್ನಡ ಕಿರುಚಿತ್ರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ನನಗೆ ಮುಖ್ಯವಾಗುವುದು ಈ ನಗುವನ್ನು ಅದು ಒಪ್ಪದಿರುವುದರಿಂದ. ಅಲ್ಲಿ ಮುದುಕಿಯೊಬ್ಬಳು ಊರಿನ ಹುಂಜವನ್ನು ಕದಿಯುತ್ತಾಳೆ, ಸೂರ್ಯ ಹುಟ್ಟುವುದೇ ಇಲ್ಲ. ಹುಂಜ ಮರಳಬೇಕಾದರೆ ಅವಳ ಮನೆಯವರು ಊರು ಬಿಡಬೇಕೆಂಬ ಭವಿಷ್ಯವಾಣಿ ಬರುತ್ತದೆ. ಚಿಕ್ಕಂದಿನಿಂದ ತಲೆಯಲ್ಲಿದ್ದ ಜನಪದ ಕತೆಯಿದು ಎಂದು ನಿರ್ದೇಶಕರೇ ಹೇಳಿಕೊಂಡಿದ್ದಾರೆ.

ವೈದ್ಯಕೀಯ ಓದಿದ ಚಿದಾನಂದ ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನ ಟೆಲಿವಿಷನ್ ವಿಭಾಗದ ಒಂದು ವರ್ಷದ ಕೋರ್ಸಿನ ಕೊನೆಗೆ ಇದನ್ನು ತೆಗೆದರು. ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕು ದಿನ. 2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ‘ಲಾ ಸಿನೆಫ್’ ವಿಭಾಗದಲ್ಲಿ ಇದಕ್ಕೆ ಮೊದಲ ಬಹುಮಾನ ಬಂತು. ಬಹುಮಾನದ ಸುದ್ದಿಯಾದಷ್ಟು ಚಿತ್ರದ ಚರ್ಚೆ ನಮ್ಮಲ್ಲಿ ಆಗಲಿಲ್ಲ.

ಹಳೆಯ ಕತೆಯಲ್ಲಿ ಹುಂಜ ಮುದುಕಿಯದೇ. ಆದ್ದರಿಂದ ಅವಳದು ಬರಿಯ ಜಂಬ, ಅದರಿಂದ ಯಾರಿಗೂ ನಷ್ಟವಿಲ್ಲ. ಚಿತ್ರದಲ್ಲಿ ಹುಂಜ ಊರಿನದು. ಇಷ್ಟೇ ಬದಲಾವಣೆಗೆ ಕತೆಯ ನ್ಯಾಯವೆಲ್ಲ ಕದಲುತ್ತದೆ: ಅಜ್ಜಿ ಕಳ್ಳಿಯಾಗುತ್ತಾಳೆ, ಊರಿಗೆ ಅವಳ ಮೇಲೆ ಹಕ್ಕು ಹುಟ್ಟುತ್ತದೆ. ತಪ್ಪು ಒಬ್ಬಳದಾದರೂ ದಂಡ ಇಡೀ ಮನೆಗೆ. ಸೂರ್ಯ ಹುಟ್ಟದಿರುವುದು ಅದ್ಭುತ, ಸರಿ. ಊರಿಗೆ ಬಂದ ಕೇಡಿಗೆ ಒಂದು ಮನೆಯನ್ನು ಹೊಣೆ ಮಾಡಿ ಹೊರಗಟ್ಟುವುದರಲ್ಲಿ ಅದ್ಭುತ ಯಾವುದೂ ಇಲ್ಲ. ಬಹಿಷ್ಕಾರದ ಸುದ್ದಿ ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಇಂದಿಗೂ ಬರುತ್ತಿದೆ. ಮಾಂತ್ರಿಕ ವಾಸ್ತವ ಎಂದು ನಾವು ಲ್ಯಾಟಿನ್ ಅಮೆರಿಕದ ಕಡೆ ಕೈ ತೋರುತ್ತೇವೆ. ಇಲ್ಲಿ ಆ ಮಾಂತ್ರಿಕತೆ ಅಜ್ಜಿಯ ಮಾತನ್ನು ಅಕ್ಷರಶಃ ನಂಬಿದ್ದರಿಂದ ಹುಟ್ಟಿದೆ, ವಾಸ್ತವವನ್ನು ಊರೇ ಒದಗಿಸಿದೆ.

ಆಪತ್ತು ಬಂದರೆ ಪರಿಚಯವಿಲ್ಲದವರೂ ಹತ್ತಿರವಾಗುತ್ತಾರೆ ಎಂಬುದು ಸಿನಿಮಾಗಳ ಪ್ರೀತಿಯ ನಂಬಿಕೆ. ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ದಲ್ಲಿ (2002) ಅಣೆಕಟ್ಟಿನ ನೀರು ಮನೆ ಸುತ್ತುವ ಹೊತ್ತಿಗೆ ಕೃಷ್ಣ ಬರುತ್ತಾನೆ. ಅವನ ನೆರವಿನೊಂದಿಗೆ ಹೆಂಡತಿಯ ಮೇಲೆ ಮನೆಯ ಯಜಮಾನ ಗಣಪನ ಸಂಶಯವೂ ಬೆಳೆಯುತ್ತದೆ. ಚಿದಾನಂದ ಅವರ ನೋಟ ಇನ್ನೂ ಕಠಿಣ. ಕತ್ತಲು ಊರನ್ನು ಒಟ್ಟು ಮಾಡುತ್ತದೆ, ಆದರೆ ಆ ಒಗ್ಗಟ್ಟಿನ ಬೆಲೆ ಒಂದು ಸಂಸಾರ. ಇದನ್ನು ಗೋಳಾಗಿಸದೆ ಹೇಳಿದ್ದು ಚಿತ್ರದ ದೊಡ್ಡ ಗುಣ. ಕಾನ್‌ನ ತೀರ್ಪುಗಾರರೂ ಇರುಳಿನ ಆಳದಿಂದ ಮೂಡಿದ ಬೆಳಕಿನ ಜೊತೆಗೆ ಇದರ ಹಾಸ್ಯವನ್ನು ಮೆಚ್ಚಿದ್ದರು. ಬೆಳಗೇ ಇಲ್ಲದ ಕತೆಯನ್ನು ಕಣ್ಣಿಗೆ ಕಾಣಿಸುವುದು ಛಾಯಾಗ್ರಾಹಕನಿಗೆ ಕಷ್ಟದ ಪರೀಕ್ಷೆ. ಸೂರಜ್ ಠಾಕೂರ್ ಅವರ ಕ್ಯಾಮೆರಾಕ್ಕೂ ಅಭಿಷೇಕ್ ಕದಂ ಅವರ ಧ್ವನಿಗೂ ಗೆಲುವಿನಲ್ಲಿ ದೊಡ್ಡ ಪಾಲಿದೆ.

ನನ್ನ ತಕರಾರು ಅವಧಿಯದು. ಅಜ್ಜಿಯ ಮನೆಯವರನ್ನು ಒಬ್ಬೊಬ್ಬರನ್ನಾಗಿ ಅರಿಯಲು 16 ನಿಮಿಷ ಸಾಲದು. ಗಡೀಪಾರಾಗುವವರ ಗುರುತು ಗಟ್ಟಿಯಾಗಿ ಸಿಕ್ಕಿದ್ದರೆ ಶಿಕ್ಷೆ ಇನ್ನಷ್ಟು ಚುಚ್ಚುತ್ತಿತ್ತು. ಭವಿಷ್ಯವಾಣಿಯೂ ಹಾಗೆಯೇ: ಇಂಥ ಮಾತು ಊರಲ್ಲಿ ಯಾರ ಬಾಯಿಂದ ಬಂದರೆ ನಡೆಯುತ್ತದೆ, ಯಾರ ಬಾಯಿಂದ ಬಂದರೆ ನಡೆಯುವುದಿಲ್ಲ ಎಂಬುದರಲ್ಲಿ ಜಾತಿ, ಭೂಮಿ, ಯಜಮಾನಿಕೆ ಎಲ್ಲವೂ ಇರುತ್ತವೆ. ಅದನ್ನು ಕೆದಕಲು ದೊಡ್ಡ ಚಿತ್ರವೇ ಬೇಕು.

ಜನಪದ ಕತೆ ಕನ್ನಡದ ತೆರೆಗೆ ಹೊಸದಲ್ಲ. ಮೈಸೂರಿನಲ್ಲೇ ಹುಟ್ಟಿದ ಎ.ಕೆ. ರಾಮಾನುಜನ್ ಹೇಳಿದ ಕತೆಗಳಿಂದ ಗಿರೀಶ ಕಾರ್ನಾಡರ ‘ನಾಗಮಂಡಲ’ ಬಂತು. ಅದನ್ನು 1997ರಲ್ಲಿ ಟಿ.ಎಸ್. ನಾಗಾಭರಣ ಚಿತ್ರ ಮಾಡಿದರು. ಅಲ್ಲಿ ಹಾಡು, ಬಣ್ಣ, ಶೃಂಗಾರ ಧಾರಾಳ. ಚಿದಾನಂದ ಆ ವೈಭವವನ್ನು ಬಿಟ್ಟು ಒಂದು ಹುಂಜ, ಒಬ್ಬ ಮುದುಕಿ, ಒಂದು ಮುಗಿಯದ ರಾತ್ರಿಗೆ ಕತೆಯನ್ನು ಇಳಿಸಿದ್ದಾರೆ. ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದಿರುವ ಲೋಕಕ್ಕೆ ಜೀವ ಬರುವುದು ಇಂಥ ಕೈಗಳಿಂದ.

ಇಷ್ಟಾದರೂ ಕಿರುಚಿತ್ರಕ್ಕೆ ನಮ್ಮ ಥಿಯೇಟರುಗಳಲ್ಲಿ ಟಿಕೆಟ್ಟಿಲ್ಲ. ಮೈಸೂರಿನ ರಂಗಾಯಣದ ಬಹುರೂಪಿ ನಾಟಕೋತ್ಸವದಲ್ಲಿ ನಾಟಕಗಳ ಜೊತೆ ಸಿನಿಮಾ ಪ್ರದರ್ಶನಗಳೂ ನಡೆಯುತ್ತವೆ. ಅಲ್ಲಿ ‘ದ್ವೀಪ’ದ ಜೊತೆ ಇದನ್ನು ಒಂದೇ ಸಂಜೆ ಹಾಕಬೇಕು, ಹಳ್ಳಿಗಳಿಂದ ಬರುವ ಕಾಲೇಜು ಹುಡುಗರನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕು. ಅಜ್ಜಿಯ ಮನೆಯವರನ್ನು ಊರು ಬಿಡಿಸಿದ್ದು ಸರಿಯೇ ಎಂಬ ವಾದ ಅವರಿಂದಲೇ ಶುರುವಾಗಲಿ.