ಹಳೆಯ ಮನೆಗೆ ವಿದಾಯ ಹೇಳದ ಕುಟುಂಬ

ನಿಮ್ಮ ಸಂಸಾರದ ಮೊದಲ ಮನೆಯನ್ನು ನೀವು ಬಿಟ್ಟು ಬಂದ ದಿನ ನೆನಪಿದೆಯೇ? ಸಾಮಾನುಗಳೆಲ್ಲ ಲಾರಿ ಏರಿದ ಮೇಲೆ, ಏನಾದರೂ ಉಳಿಯಿತೇ ಎಂದು ನೋಡುವ ನೆಪದಲ್ಲಿ ಮತ್ತೊಮ್ಮೆ ಒಳಗೆ ಹೋಗಿರುತ್ತೇವೆ. ಕ್ಯಾಲೆಂಡರ್ ತೂಗುತ್ತಿದ್ದ ಮೊಳೆ, ಹೊಗೆಗೆ ಕಪ್ಪಾದ ಅಡುಗೆಮನೆಯ ಮೂಲೆ ಕಣ್ಣಿಗೆ ಬೀಳುತ್ತವೆ. ಹೊರಗಿನಿಂದ ಯಾರೋ ಹೊತ್ತಾಯಿತೆಂದು ಕರೆಯುತ್ತಾರೆ. ಬಾಗಿಲು ಎಳೆದುಕೊಂಡು ಬಂದುಬಿಡುತ್ತೇವೆ. ಹೀಗೆ ಅವಸರದಲ್ಲಿ ಬಿಟ್ಟು ಬಂದ ಮನೆಯು ನಮ್ಮನ್ನು ಬಿಡುತ್ತದೆಯೇ? ವಿವೇಕ ಶಾನಭಾಗ ಅವರ ‘ಘಾಚರ್ ಘೋಚರ್’ ನೀಳ್ಗತೆಯನ್ನು ಓದಿದಾಗ ಈ ಪ್ರಶ್ನೆ ನನ್ನನ್ನು ಬಹುವಾಗಿ ಕಾಡಿತು.

2013ರಲ್ಲಿ ಪ್ರಕಟವಾದ ಈ ಕೃತಿ ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದದ ಮೂಲಕ ಹೊರನಾಡುಗಳಲ್ಲಿಯೂ ಹೆಸರಾಯಿತು. ಕಥೆ ಬೆಂಗಳೂರಿನ ಒಂದು ಕುಟುಂಬದ್ದು. ಅಪ್ಪ, ಅಮ್ಮ, ಚಿಕ್ಕಪ್ಪ, ಅಕ್ಕ ಮಾಲತಿ ಮತ್ತು ಕಥೆ ಹೇಳುವ ಮಗ ಸಾಲಾಗಿ ಜೋಡಿಸಿದ ಕೆಲವೇ ಕೋಣೆಗಳ ಸಣ್ಣ ಮನೆಯಲ್ಲಿ ವಾಸವಾಗಿದ್ದವರು. ಚಹಾ ಮಾರಾಟದ ಕೆಲಸದಲ್ಲಿದ್ದ ಅಪ್ಪನ ಲೆಕ್ಕ ಒಂದು ರಾತ್ರಿ ತಾಳೆಯಾಗದಿದ್ದರೆ ಮನೆಮಂದಿಯ ಎದೆಯೆಲ್ಲ ಹೊಡೆದುಕೊಳ್ಳುತ್ತದೆ. ಏನನ್ನು ಕೊಳ್ಳುವುದಿದ್ದರೂ ಎಲ್ಲರೂ ಕೂಡಿಯೇ ಯೋಚಿಸಬೇಕು. ಮುಂದೆ ಅಪ್ಪ ಕೆಲಸ ಕಳೆದುಕೊಂಡಾಗ ಅವನ ಹಣವನ್ನು ಹಾಕಿ ಚಿಕ್ಕಪ್ಪ ಮಸಾಲೆ ವ್ಯಾಪಾರ ಆರಂಭಿಸುತ್ತಾನೆ. ಸಂಪತ್ತು ಹರಿದು ಬರುತ್ತದೆ. ಕುಟುಂಬ ದೊಡ್ಡ ಮನೆಗೆ ಹೋಗುತ್ತದೆ.

‘ಬಡತನದಲ್ಲಿ ಪ್ರೀತಿಯಿತ್ತು, ಸಿರಿತನ ಬಂದು ಅದನ್ನು ಕೆಡಿಸಿತು’ ಎಂಬ ನೀತಿಯನ್ನು ಈ ಕಥೆಯಿಂದ ಸುಲಭವಾಗಿ ತೆಗೆಯಬಹುದು. ಹಲವರು ಹಾಗೆಯೇ ಓದಿಯಾರು. ಆದರೆ ಅದು ಅರ್ಧ ಸತ್ಯವೆಂದು ನನ್ನ ಅನಿಸಿಕೆ. ಲೇಖಕರು ಆ ಹಳೆಯ ಮನೆಯಲ್ಲಿಯೇ ಇರುವೆಗಳನ್ನು ಬಿಟ್ಟಿದ್ದಾರೆ! ಎಲ್ಲೆಲ್ಲೂ ಮುತ್ತುವ ಇರುವೆಗಳ ಮೇಲೆ ಅಮ್ಮ ಮತ್ತು ಮಾಲತಿ ಸಾರುವ ಸಮರವನ್ನು ಅವರು ಮನಸ್ಸಿಟ್ಟು ಚಿತ್ರಿಸಿದ್ದಾರೆ. ಮೊದಲು ಅದು ಅಡುಗೆಯನ್ನು ಉಳಿಸಿಕೊಳ್ಳುವ ಪಾಡು. ಬರಬರುತ್ತ ಕೊಲ್ಲುವುದರಲ್ಲಿಯೇ ಒಂದು ಸುಖ. ಓದುತ್ತ ನಗುತ್ತೇವೆ, ನಮ್ಮ ಮನೆಯಲ್ಲಿಯೂ ನಡೆದದ್ದೇ ಅಲ್ಲವೇ ಎನ್ನುತ್ತೇವೆ.

ಕುಟುಂಬ ಹೊಸ ಮನೆಗೆ ಬಂದ ಮೇಲೆ ಒಂದು ದಿನ, ಚಿಕ್ಕಪ್ಪನನ್ನು ಕೇಳಿಕೊಂಡು ಹೆಂಗಸೊಬ್ಬಳು ಅವನಿಗಾಗಿ ಮಾಡಿದ ಅಡುಗೆಯನ್ನು ಹಿಡಿದು ಬರುತ್ತಾಳೆ. ಅಮ್ಮ, ಮಾಲತಿ ಇಬ್ಬರೂ ಅವಳನ್ನು ಬೈದು ಅಟ್ಟುತ್ತಾರೆ. ಗಂಡಸರು ಸುಮ್ಮನಿರುತ್ತಾರೆ. ಅದು ತಪ್ಪೆಂದು ಹೇಳುವ ಎದೆಗಾರಿಕೆ ಇರುವುದು ಹೊರಗಿನಿಂದ ಬಂದ ಸೊಸೆ ಅನಿತಾಳಿಗೆ ಮಾತ್ರ. ಈ ದೃಶ್ಯವನ್ನು ಓದಿದಾಗ ಹಿಂದಿನ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಇರುವೆಗಳನ್ನು ಹೊಸಕಿದ ಕೈಗಳೇ ಇಲ್ಲಿಯೂ ಇವೆ. ಹಳೆಯ ಮನೆಯಲ್ಲಿ ಎಲ್ಲರನ್ನೂ ಒಂದಾಗಿಸಿದ್ದ ಒಗ್ಗಟ್ಟಿಗೆ ಕಾಪಾಡಲು ಈಗ ಹಣವಿದೆ, ಎದುರಿಸಲು ಮನುಷ್ಯರಿದ್ದಾರೆ. ಅಪ್ಪ ತನ್ನ ಪಾಲನ್ನು ಯಾರಿಗಾದರೂ ದಾನ ಮಾಡಿಬಿಟ್ಟಾನೆಂಬ ಅಂಜಿಕೆಯಿಂದ ಅವನನ್ನು ಓಲೈಸುವುದರಲ್ಲಿಯೂ ಅದೇ ಒಗ್ಗಟ್ಟು ಕೆಲಸ ಮಾಡುತ್ತದೆ.

ಆದುದರಿಂದ ಇದನ್ನು ನಾನು ವಿದಾಯ ಹೇಳದೆ ಮನೆ ಬಿಟ್ಟವರ ಕಥೆಯೆಂದು ಓದುತ್ತೇನೆ. ಆ ಮನೆ ನಮಗೆ ಏನು ಕೊಟ್ಟಿತು, ಅಲ್ಲಿ ನಾವು ಯಾವ ಭಯವನ್ನು ಕಲಿತೆವು ಎಂದು ಈ ಕುಟುಂಬದವರು ಕುಳಿತು ಮಾತನಾಡಿಕೊಂಡವರಲ್ಲ. ಮಂಚ ಕುರ್ಚಿಗಳನ್ನು ಬದಲಾಯಿಸಿದರು. ಭಯವನ್ನು ಮಾತ್ರ ಬಿಚ್ಚಿಯೂ ನೋಡದೆ ಹೊತ್ತು ತಂದರು. ಇದಕ್ಕೆ ಎದುರಾಗಿ ಅನಿತಾ ತನ್ನ ತವರಿನಿಂದ ತಂದದ್ದು ಒಂದು ಮಾತನ್ನು. ಬಿಡಿಸಲಾಗದ ಗಂಟಿಗೆ ಅವಳ ಮನೆಯವರು ಇಟ್ಟುಕೊಂಡಿದ್ದ, ಯಾವ ನಿಘಂಟಿನಲ್ಲಿಯೂ ಇಲ್ಲದ ‘ಘಾಚರ್ ಘೋಚರ್’ ಎಂಬ ಆಟದ ಮಾತು. ಅದನ್ನವಳು ಮದುವೆಯ ಹೊಸತರಲ್ಲಿ ಗಂಡನೊಡನೆ ಹಂಚಿಕೊಳ್ಳುತ್ತಾಳೆ. ಮೊದಲ ಮನೆಯಿಂದ ತರಬಹುದಾದ ಇದಕ್ಕಿಂತ ಹಗುರವಾದ, ಬೆಲೆಯುಳ್ಳ ಸಾಮಾನು ಯಾವುದಿದೆ?

ಒಂದು ಕೊರತೆಯನ್ನೂ ಹೇಳಬೇಕು. ಎಲ್ಲವನ್ನೂ ನಾವು ಮಗನ ಬಾಯಿಂದಲೇ ಕೇಳುತ್ತೇವೆ. ಅವನೋ ದುಡಿಯದೆ, ಕಾಫಿ ಹೌಸಿನಲ್ಲಿ ಕುಳಿತು ಹೊತ್ತು ಕಳೆಯುವವನು. ಅವನ ನೆನಪುಗಳನ್ನು ಎಷ್ಟು ನಂಬಬೇಕೆಂಬ ಅನುಮಾನ ಕಥೆಯ ಬಲವೂ ಹೌದು. ಆದರೂ ಆ ಇಕ್ಕಟ್ಟಿನ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಬೆಂದ ಅಮ್ಮನಿಗೆ ಅದನ್ನು ಬಿಡುವಾಗ ಏನನ್ನಿಸಿತು ಎಂಬುದು ನಮಗೆ ಒಳಗಿನಿಂದ ತಿಳಿಯುವುದಿಲ್ಲ. ಅವಳ ಕಾಠಿಣ್ಯ ಕಾಣುತ್ತದೆ, ಅದರ ಬೇರು ಕಾಣುವುದಿಲ್ಲ. ಆ ಮಾತನ್ನು ಅವಳ ಬಾಯಿಂದ ಕೇಳುವ ಆಸೆ ನನಗೆ ಉಳಿಯಿತು.

ಕಥೆಯ ಕೊನೆಯನ್ನು ಇಲ್ಲಿ ಹೇಳಿ ನಿಮ್ಮ ಓದನ್ನು ಕೆಡಿಸಲಾರೆ. ಒಂದೇ ಕುಳಿತದಲ್ಲಿ ಓದಬಹುದಾದ ಪುಟ್ಟ ಕೃತಿಯಿದು. ಮನೆಯಲ್ಲಿ ಒಬ್ಬರಾದ ಮೇಲೊಬ್ಬರು ಓದಿರಿ. ಹಳೆಯ ಮನೆಯನ್ನು ಮಾರುವ, ಕೆಡಹುವ ಅಥವಾ ಬೀಗ ಹಾಕುವ ಮಾತು ನಿಮ್ಮಲ್ಲಿಯೂ ನಡೆದಿದ್ದರೆ, ಲಾರಿಯನ್ನು ಕರೆಯುವ ಮುನ್ನ ಒಂದು ಸಂಜೆ ಎಲ್ಲರೂ ಅಲ್ಲಿ ಕುಳಿತುಕೊಳ್ಳಿರಿ. ಅಲ್ಲಿ ಕಂಡ ಸುಖವನ್ನು ಹೇಳಿಕೊಳ್ಳಿರಿ. ಅಲ್ಲಿ ಪಟ್ಟ ಭಯವನ್ನೂ, ಅಲ್ಲಿ ಯಾರಿಗಾದರೂ ಮಾಡಿದ ನೋವನ್ನೂ ಹೇಳಿಕೊಳ್ಳಿರಿ. ಮೊದಲು ಮಾತನಾಡುವವರು ಅಮ್ಮನಾಗಿರಲಿ.