ನಾದ ಒಳಗೆ, ಕೈ ಹೊರಗೆ

ಗಾಳಿಗೆ ಜಾತಿಯಿಲ್ಲ ಅಂತಾರೆ. ನಿಜ, ಗಾಳಿಗಿಲ್ಲ. ಗಾಳಿಯನ್ನು ಹಂಚುವವರಿಗೆ ಇದೆಯಲ್ಲ! ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಅಲ್ಲಿಂದ. ಈ ಆಕಾಶದ ವಾಣಿ ನೆಲದವರ ಮಾತನ್ನು ಎಷ್ಟು ಕೇಳಿಸಿಕೊಂಡಿತು? ಫಾರ್ಮ್ಯಾಟ್ ಅನ್ನೋದು ಬರೀ ಕಾರ್ಯಕ್ರಮಗಳ ಪಟ್ಟಿಯಲ್ಲ. ಯಾರ ದನಿ ನಡುಮನೆಗೆ, ಯಾರದು ಜಗುಲಿಗೆ ಎಂದು ಗೊತ್ತುಮಾಡುವ ವ್ಯವಸ್ಥೆ.

1952ರಲ್ಲಿ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಸಿನಿಮಾ ಹಾಡನ್ನು ಹೊರಗಿಟ್ಟು ಶಾಸ್ತ್ರೀಯ ಸಂಗೀತವನ್ನು ಕೂರಿಸಿದರು. ಜನ ಸಿಲೋನ್ ಕಡೆ ಮುಳ್ಳು ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿ ಬಂತು. ಆದರೂ ಮಡಿ ಪೂರ್ತಿ ಹೋಗಲಿಲ್ಲ. ಬೆಂಗಳೂರಿನಲ್ಲಿ ಶಾಸ್ತ್ರೀಯ ಸಂಗೀತಕ್ಕೆಂದೇ ‘ಅಮೃತವರ್ಷಿಣಿ’ ಎಂಬ ಎಫ್‌ಎಂ ವಾಹಿನಿ ಹುಟ್ಟಿತು. ತಮಟೆಗೆ, ತತ್ವಪದಕ್ಕೆ ಸಿಕ್ಕಿದ್ದು ‘ಜಾನಪದ’ ಎಂಬ ಹೆಸರಿನ ತುಂಡು ಹೊತ್ತು. ನಮ್ಮಪ್ಪ ತಮಟೆ ಬಡೀತಿದ್ದ. ರೇಡಿಯೊದಲ್ಲಿ ತಮಟೆ ಕೇಳಿದರೆ ಹಿಗ್ಗೋನು. ಅದೇ ತಮಟೆಯನ್ನು ಊರಹಬ್ಬದಲ್ಲಿ ಗುಡಿಯಾಚೆ ನಿಂತು ಬಡೀಬೇಕು ಅನ್ನೋದನ್ನು ನಾವು ಕೇಳಿದ ಯಾವ ಉದ್ಘೋಷಕರೂ ಹೇಳಲಿಲ್ಲ. ನಾದ ಒಳಗೆ ಬಂತು, ಬಡಿದ ಕೈ ಹೊರಗೇ ಉಳೀತು.

2001ರಲ್ಲಿ ಬೆಂಗಳೂರಿಗೆ ಖಾಸಗಿ ಎಫ್‌ಎಂ ಬಂತು. ಹಾಡು, ಹರಟೆ, ಜಾಹೀರಾತು. ಸಿನಿಮಾ ಹಾಡು ಮಡಿ ಮೈಲಿಗೆ ನೋಡೋದಿಲ್ಲ, ಇದನ್ನು ಒಪ್ಪಲೇಬೇಕು. ಆದರೆ ಈ ಹರಟೆ ಕಲ್ಪಿಸಿಕೊಂಡ ಕೇಳುಗನಿಗೆ ಕೇರಿಯೇ ಇಲ್ಲ. ಜಾತಿಯನ್ನು ಆಡದೆ ಇರೋದೂ ಜಾತಿ ಇಲ್ಲದೆ ಇರೋದೂ ಒಂದೇ ಅಲ್ಲ.

ಇನ್ನು ಸಮುದಾಯ ಬಾನುಲಿ. ಪರವಾನಗಿ ಸಿಗದ ಕಾಲದಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಕೇಬಲ್ ತಂತಿಯ ಮೇಲೆಯೇ ಮಾತಾಡಿತು. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಅನುಮತಿ ದೊರೆಯಿತು. ಬೀದರಿನ ನೆರೆಯ ಜಹೀರಾಬಾದ್ ಸೀಮೆಯಲ್ಲಿ ದಲಿತ ಹೆಂಗಸರೇ ನಡೆಸುವ ‘ಸಂಘಂ ರೇಡಿಯೊ’ 2008ರ ಅಕ್ಟೋಬರಿನಲ್ಲಿ ಶುರುವಾಯಿತು. ಬೀಜ, ಬೇಸಾಯ, ಹಾಡು, ಎಲ್ಲವೂ ಅವರದೇ ತೆಲುಗಿನಲ್ಲಿ. ಅಲ್ಲಿ ಹಾಡಿದವರೇ ಯಂತ್ರದ ಮುಂದೆಯೂ ಕೂತರು. ಕೈಯೂ ಒಳಗೆ ಬಂತು. ನನ್ನ ಮಟ್ಟಿಗೆ ಇದು ಫಾರ್ಮ್ಯಾಟಿನ ಬದಲಾವಣೆಯಲ್ಲ, ಯಜಮಾನಿಕೆಯ ಬದಲಾವಣೆ.

ಇಷ್ಟಕ್ಕೇ ಮೈಮರೆಯುವಂತಿಲ್ಲ. ಸಮುದಾಯ ಬಾನುಲಿಗೆ ಗೊತ್ತುಮಾಡಿದ ಶಕ್ತಿ ನೂರು ವಾಟ್. ದನಿ ಹತ್ತು ಕಿಲೋಮೀಟರ್ ಆಸುಪಾಸು ಹೋದರೆ ಹೆಚ್ಚು. 2006ರ ನಿಯಮಗಳಲ್ಲೇ ಸುದ್ದಿ, ಪ್ರಚಲಿತ ವಿದ್ಯಮಾನ ನಿಷಿದ್ಧವಾದವು. ಆಮೇಲೆ ಒಪ್ಪಿಗೆ ಸಿಕ್ಕಿದ್ದೂ ಆಕಾಶವಾಣಿಯ ಸುದ್ದಿಯನ್ನು ಮರುಬಿತ್ತರಿಸಲು ಮಾತ್ರ. ಇದರ ಅರ್ಥ ಏನು? ನಲ್ಲಿಯಲ್ಲಿ ನೀರು ಎಷ್ಟೊತ್ತಿಗೆ ಬರುತ್ತೆ ಅನ್ನೋದು ಮಾಹಿತಿ, ಹೇಳಬಹುದು. ಅದೇ ನಲ್ಲಿಯ ಹತ್ತಿರ ಒಬ್ಬಳ ಕೊಡ ತಡೆದರೆ ಅದು ಸುದ್ದಿ, ಹೇಳುವಂತಿಲ್ಲ. ಹಾಡೋಕೆ ಬಾಯಿ ಕೊಟ್ಟವರು ದೂರೋಕೆ ಕೊಡಲಿಲ್ಲ.

ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಊರಬಾವಿಯೂ ಸಾರ್ವಜನಿಕ ಸ್ವತ್ತೇ ಆಗಿತ್ತು! ದಲಿತ ವಿಮರ್ಶೆ ಕಥೆ, ಕಾವ್ಯಗಳ ಜೊತೆಗೆ ಈ ವಾಟುಗಳನ್ನೂ ಪರವಾನಗಿಗಳನ್ನೂ ಓದಬೇಕಾಗಿದೆ. ಕೊಡ ತಡೆದದ್ದು ಸುದ್ದಿ ಎಂದು ಸಾರುವ ಹಕ್ಕು ಕೊಡ ಹೊತ್ತವಳಿಗೆ ಬರುವ ತನಕ ‘ಸಮುದಾಯ’ ಅನ್ನೋದು ಕೇರಿಗೆ ಇಟ್ಟ ಮರ್ಯಾದೆಯ ಹೆಸರು, ಅಷ್ಟೆ.