ಐದು ಜೂಲ್‌ನ ಕೀರ್ತಿ, ಒಂದು ಗೇಣಿನ ನಿಯಮ

ಮನೆಯ ಕಾಂಪೌಂಡ್ ಮೇಲೆ ಎಳೆಯುವ ವಿದ್ಯುತ್ ಭದ್ರತಾ ಬೇಲಿಗೆ ಜಗತ್ತಿನ ಹಲವು ದೇಶಗಳು ಆಧಾರವಾಗಿ ಇಟ್ಟುಕೊಂಡಿರುವುದು ಐಇಸಿ 60335-2-76 ಎಂಬ ಮಾನಕವನ್ನು. ಭಾರತದಲ್ಲಿ ಅದಕ್ಕೆ ಸಂವಾದಿಯಾಗಿರುವುದು ಐಎಸ್ 302ರ ಎರಡನೆಯ ಭಾಗದ 76ನೇ ವಿಭಾಗ. ಈ ಮಾನಕದ ಹೆಸರೆಲ್ಲ ಒಂದೇ ಅಂಕಿಯ ಮೇಲೆ ನಿಂತಿದೆ: ಶಕ್ತಿಮಿತಿಯ ಎನರ್ಜೈಸರ್, ಅಂದರೆ ತಂತಿಗೆ ಮಿಡಿತ ಮಿಡಿತವಾಗಿ ವಿದ್ಯುತ್ ಹಾಯಿಸುವ ಯಂತ್ರ, 500 ಓಮ್ ರೋಧಕ್ಕೆ ಒಂದು ಮಿಡಿತದಲ್ಲಿ 5 ಜೂಲ್‌ಗಿಂತ ಹೆಚ್ಚು ಕೊಡಬಾರದು. ಮಾರುವವರು ಈ ಅಂಕಿಯನ್ನು ಹೇಳುತ್ತಾರೆ, ಕೊಳ್ಳುವವರು ಅದನ್ನೇ ಕೇಳುತ್ತಾರೆ, ಅಷ್ಟಕ್ಕೆ ಬೇಲಿ ಸುರಕ್ಷಿತವೆಂದು ತೀರ್ಮಾನವಾಗುತ್ತದೆ. ಅಂಕಿಗೆ ಸಿಕ್ಕಿರುವ ಮನ್ನಣೆ ಅದರ ಯೋಗ್ಯತೆಗಿಂತ ಬಹಳ ಹೆಚ್ಚಿನದು. ಮಾನಕದ ನಿಜವಾದ ಸಾಧನೆ ಇರುವುದು ಕೊನೆಯ ಪುಟಗಳಲ್ಲಿ, ಭದ್ರತಾ ಬೇಲಿಯನ್ನು ಎಲ್ಲಿ, ಹೇಗೆ ಕಟ್ಟಬೇಕೆಂದು ಹೇಳುವ ಅನುಬಂಧದಲ್ಲಿ.

ಅಂಕಿಯ ಹಿಂದಿನ ವಿಜ್ಞಾನ ಗಟ್ಟಿಯಾದದ್ದೇ. ಮನೆಗೆ ಬರುವ 230 ವೋಲ್ಟ್ ವಿದ್ಯುತ್ ಬಿಡುವಿಲ್ಲದೆ ಹರಿಯುತ್ತದೆ. ಮೈಯಲ್ಲಿ ಸುಮಾರು 10 ಮಿಲಿಆಂಪಿಯರ್ ದಾಟಿತೆಂದರೆ ಸ್ನಾಯು ಬಿಗಿದುಕೊಂಡು ಹಿಡಿದ ತಂತಿಯನ್ನು ಬಿಡಲಾಗುವುದಿಲ್ಲ. ಎನರ್ಜೈಸರ್ ಸಾವಿರಾರು ವೋಲ್ಟ್ ಹೊಮ್ಮಿಸಿದರೂ ಅದರ ಮಿಡಿತ 10 ಮಿಲಿಸೆಕೆಂಡ್ ಮೀರುವಂತಿಲ್ಲ, ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಮಿಡಿತ ಕೂಡದು. ನಡುವಿನ ಬಿಡುವಿನಲ್ಲಿ ಕೈ ಹಿಂದಕ್ಕೆ ಬರುತ್ತದೆ. ಪ್ರಶಂಸಕರು ಇಲ್ಲಿಗೆ ನಿಲ್ಲುತ್ತಾರೆ. ಆದರೆ ಈ ಲೆಕ್ಕವೆಲ್ಲ ಹಿಂದೆ ಸರಿಯಬಲ್ಲ ಮನುಷ್ಯನನ್ನು ನೆಚ್ಚಿಕೊಂಡದ್ದು. ತಂತಿಗೆ ಸಿಕ್ಕಿಕೊಂಡವನಿಗೆ ನಿಮಿಷಕ್ಕೆ ಅರವತ್ತು ಹೊಡೆತ ಬೀಳಬಹುದು. ತಲೆ, ಕುತ್ತಿಗೆ, ಮುಂಡ ತಂತಿಗೆ ತಾಗದಂತೆ ನೋಡಿಕೊಳ್ಳಬೇಕೆಂದು ಜಾನುವಾರು ಬೇಲಿಯ ವಿಚಾರದಲ್ಲಿ ಇದೇ ಮಾನಕ ಎಚ್ಚರಿಸುತ್ತದೆ. ಐದು ಜೂಲ್‌ನ ಮಿತಿಯೊಂದೇ ಸಾಕಾಗಿದ್ದರೆ ಆ ಎಚ್ಚರಿಕೆಗೆ ಕಾರಣವೇ ಇರುತ್ತಿರಲಿಲ್ಲ.

ಅನುಬಂಧದಲ್ಲಿ ನಿಧಾನವಾಗಿ ಓದಬೇಕಾದದ್ದು ಅಂತರದ ನಿಯಮ. ಜನ ಓಡಾಡುವ ಕಡೆ ಕನಿಷ್ಠ 1.5 ಮೀಟರ್ ಎತ್ತರದ ತಡೆ ಇರಬೇಕು: ಗೋಡೆಯಾಗಲಿ, ಸರಳುಗಳ ಬೇಲಿಯಾಗಲಿ. ತಡೆಯಲ್ಲಿ ಕಿಂಡಿಗಳಿದ್ದರೆ ಪ್ರತಿ ಕಿಂಡಿಯ ಒಂದು ಅಳತೆಯಾದರೂ 130 ಮಿಲಿಮೀಟರ್ ಒಳಗಿರಬೇಕು; ಆಗ ತಡೆಗೂ ತಂತಿಗೂ ನಡುವಿನ ಅಂತರ 100ರಿಂದ 200 ಮಿಲಿಮೀಟರ್ ಇರಬೇಕು, ಇಲ್ಲವೇ 1000ಕ್ಕಿಂತ ಹೆಚ್ಚಿರಬೇಕು. ಕಿಂಡಿಯೇ ಇಲ್ಲದ ಗೋಡೆಯಾದರೆ 200ಕ್ಕಿಂತ ಕಡಿಮೆ ಅಥವಾ 1000ಕ್ಕಿಂತ ಹೆಚ್ಚು.

ಸುರಕ್ಷತೆಯ ನಿಯಮಗಳು ಸಾಮಾನ್ಯವಾಗಿ ಒಂದು ಕನಿಷ್ಠ ದೂರವನ್ನು ಹೇಳಿ ಸುಮ್ಮನಾಗುತ್ತವೆ. ದೂರ ಹೆಚ್ಚಿದಷ್ಟೂ ಒಳ್ಳೆಯದು ಎಂಬುದು ಅವುಗಳ ನಂಬಿಕೆ. ಇಲ್ಲಿ ನಿಷೇಧಕ್ಕೆ ಒಳಗಾಗಿರುವುದು ನಡುವಿನ ಜಾಗ. 100ರ ಕೆಳಮಿತಿ ಕಿಂಡಿಯಲ್ಲಿ ತೂರಿದ ಮಗುವಿನ ಬೆರಳಿಗಾಗಿ. ಕಿಂಡಿ ಇಲ್ಲದ ಗೋಡೆಗೆ ಆ ಕೆಳಮಿತಿ ಇಲ್ಲದಿರುವುದೇ ಅದಕ್ಕೆ ಸಾಕ್ಷಿ. 200 ಎಂದರೆ ಹೆಚ್ಚುಕಡಿಮೆ ಒಂದು ಗೇಣು. ಅಷ್ಟು ಸಂದಿಯಲ್ಲಿ ದೊಡ್ಡವರ ಮೈ ಸುಲಭವಾಗಿ ಇಳಿಯದು. ಒಂದು ಮೀಟರ್ ಮೀರಿದರೆ ಅಲ್ಲಿ ಬಿದ್ದವನು ಎದ್ದು, ತಿರುಗಿ, ದೂರ ಹೋಗಬಲ್ಲ. ಇವೆರಡರ ನಡುವೆ, ಒಂದೂವರೆ ಎರಡು ಅಡಿ ಜಾಗದಲ್ಲಿ, ಮನುಷ್ಯ ಒಳಗೆ ಬೀಳಬಲ್ಲ, ಬಿದ್ದವನಿಗೆ ಬೆನ್ನು ಸರಿಸಲು ಎಡೆಯಿಲ್ಲ. ಮಿಡಿತಗಳ ನಡುವಿನ ಬಿಡುವು ಅವನಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಎನರ್ಜೈಸರ್ ಕೊಡುವುದು ಕಾಲದ ಅವಕಾಶ. ಅದನ್ನು ಬಳಸಿಕೊಳ್ಳಲು ಬೇಕಾದ ಸ್ಥಳವನ್ನು ಕೊಡುವುದು ಈ ನಿಯಮ. ಇದನ್ನು ಮುರಿದ ಕಡೆ ಐದು ಜೂಲ್‌ನ ಭರವಸೆಯೂ ಬಹುಮಟ್ಟಿಗೆ ಮುರಿಯುತ್ತದೆ. ಗೋಡೆಯ ಒಳಗಡೆ ಹೂಗಿಡಗಳಿಗೆಂದು ಎರಡಡಿ ಬಿಟ್ಟು ತಂತಿ ಎಳೆಸುವ ಮನೆಯಾತ ಉದಾರನಾಗಿ ನಡೆದುಕೊಂಡೆನೆಂದು ತಿಳಿಯುತ್ತಾನೆ. ಅವನು ಕಟ್ಟಿಸಿರುವುದು ನಿಷಿದ್ಧ ಅಂತರವನ್ನೇ.

ಯಂತ್ರ ಪ್ರಮಾಣೀಕೃತವಾಗಿದ್ದರೆ ಸಾಕೆಂದು ವಾದಿಸುವ ಎಂಜಿನಿಯರುಗಳು ಈ ಪುಟಗಳನ್ನು ಅಳವಡಿಕೆಯ ಸಣ್ಣಪುಟ್ಟ ವಿವರವೆಂದು ಬದಿಗಿಡುತ್ತಾರೆ. ಅವರಿಗೆ ಮೇಲಿನದೇ ಉತ್ತರ. ಎದುರು ಪಕ್ಷದವರ ತಪ್ಪು ಇನ್ನೂ ದೊಡ್ಡದು. ವಸತಿ ಪ್ರದೇಶದಲ್ಲಿ ವಿದ್ಯುತ್ ಬೇಲಿಯೇ ಕೂಡದೆನ್ನುವ ಇವರು ಎರಡು ಬೇರೆ ವಸ್ತುಗಳನ್ನು ಬೆರೆಸುತ್ತಾರೆ. ಕರ್ನಾಟಕದ ಕಾಡಂಚಿನಲ್ಲಿ ಆನೆಗಳನ್ನೂ ರೈತರನ್ನೂ ಕೊಂದಿರುವುದು ವಿದ್ಯುತ್ ಲೈನಿನಿಂದ ನೇರವಾಗಿ ಕರೆಂಟ್ ಹಾಯಿಸಿದ ತಂತಿ. ಅದು ಕಾನೂನಿಗೆ ವಿರುದ್ಧವಾದದ್ದು, ಈ ಮಾನಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಸೋಲಾರ್ ಬೇಲಿ, ಮಲೆನಾಡಿನಲ್ಲಿ ಐಬೆಕ್ಸ್ ಬೇಲಿ ಎಂದು ಕರೆಯುವಂಥದ್ದು, ಮಿಡಿತದಲ್ಲಿ ಕೆಲಸ ಮಾಡುತ್ತದೆ. ಎರಡನ್ನೂ ಒಂದೇ ಉಸಿರಿನಲ್ಲಿ ಖಂಡಿಸುವ ಬರಹ ಕೊಲ್ಲುವ ತಂತಿಯ ಮೇಲಿನ ಸಿಟ್ಟನ್ನು ದುರ್ಬಲಗೊಳಿಸುತ್ತದೆ.

ಇವರೇ ಬದಲಿಗೆ ಸೂಚಿಸುವುದು ಗೋಡೆಯ ಮೇಲೆ ಸಿಮೆಂಟಿನಲ್ಲಿ ನೆಟ್ಟ ಗಾಜಿನ ಚೂರು, ಇಲ್ಲವೇ ಸುರುಳಿ ಸುತ್ತಿದ ಬ್ಲೇಡ್ ತಂತಿ. ಕರೆಂಟ್ ಇಲ್ಲದ್ದರಿಂದ ಅವು ನಿರಪಾಯ ಎಂಬ ಭಾವನೆ ಬೇರೂರಿದೆ. ಚೆಂಡು ತರಲು ಗೋಡೆ ಹತ್ತಿದ ಹುಡುಗನ ಅಂಗೈಯನ್ನು ಗಾಜು ಸೀಳುತ್ತದೆ; ಬ್ಲೇಡ್ ತಂತಿಯಲ್ಲಿ ಸಿಕ್ಕವನು ಒದ್ದಾಡಿದಷ್ಟೂ ಗಾಯ ಆಳವಾಗುತ್ತದೆ. ಮುಳ್ಳುತಂತಿಗೂ ಬ್ಲೇಡ್ ತಂತಿಗೂ ಎನರ್ಜೈಸರ್ ಜೋಡಿಸಕೂಡದೆಂದು ಮಾನಕ ಕಟ್ಟುನಿಟ್ಟಾಗಿ ಹೇಳಿರುವುದರ ಹಿಂದೆ ಇರುವುದೂ ಹಿಡಿದಿಡುವ ತಂತಿಯ ಭಯವೇ. ಬ್ರಿಟನ್ನಿನ 1980ರ ಹೆದ್ದಾರಿ ಕಾಯ್ದೆಯ 164ನೇ ಕಲಮು ದಾರಿಹೋಕರಿಗೆ ಉಪದ್ರವವಾಗುವ ರಸ್ತೆಬದಿಯ ಮುಳ್ಳುತಂತಿಯನ್ನು ತೆಗೆಸುವ ಅಧಿಕಾರವನ್ನು ಸ್ಥಳೀಯ ಆಡಳಿತಕ್ಕೆ ಕೊಟ್ಟಿದೆ. ಬೇಲಿಯ ಅಪಾಯವನ್ನು ಕರೆಂಟಿನಿಂದಷ್ಟೇ ಅಳೆಯುವವರಿಗೆ ಇದು ಕಾಣಿಸುವುದಿಲ್ಲ.

ಮಾನಕದಲ್ಲೂ ಕೊರತೆಗಳಿವೆ. 1.5 ಮೀಟರ್ ಎತ್ತರದ ಲೆಕ್ಕ ನೆಲ ಕದಲದೆ ಇರುತ್ತದೆಂದು ನಂಬಿದೆ. ಪಕ್ಕದ ಸೈಟಿನವರು ಮಣ್ಣು ತುಂಬಿಸಿ ನೆಲ ಎತ್ತರಿಸಿದರೆ, ಗೋಡೆಗೆ ಒರಗಿಸಿ ಇಟ್ಟಿಗೆ ಒಟ್ಟಿದರೆ, ತಂತಿ ಮಗುವಿನ ಕೈಗೆ ಎಟುಕುತ್ತದೆ. ಇನ್ನೊಂದು ತೊಡಕು: ತಂತಿಗೂ ಜನರಿಗೂ ನಡುವೆ ಆ ಎತ್ತರದ ತಡೆ ಇಲ್ಲದ ಜಾಗ ಮಾನಕದ ಪ್ರಕಾರ ಭದ್ರತಾ ಪ್ರದೇಶ, ಅಪ್ಪಣೆಯಿಲ್ಲದೆ ಅಲ್ಲಿರುವವರಿಗೆ ಶಾಕ್ ತಗುಲುವುದನ್ನು ಅದು ಒಪ್ಪುತ್ತದೆ. ಗೋದಾಮಿಗೆ ಈ ವಿಂಗಡಣೆ ಸರಿ. ಮನೆಯಂಗಳದಲ್ಲಿ ಆ ಪ್ರದೇಶ ಮಕ್ಕಳು ಆಡುವ ಜಾಗವೂ ಹೌದು. ಈ ಕೊರತೆಗಳ ನಡುವೆಯೂ, ಗೇಟನ್ನು ಶಾಕ್ ಇಲ್ಲದೆ ತೆರೆಯುವಂತಿರಬೇಕು, ಹಳದಿ ಹಿನ್ನೆಲೆಯ ಎಚ್ಚರಿಕೆ ಫಲಕಗಳ ನಡುವೆ 10 ಮೀಟರ್‌ಗಿಂತ ಹೆಚ್ಚು ಅಂತರ ಇರಬಾರದು ಎಂಬ ನಿಯಮಗಳು ಚೆನ್ನಾಗಿವೆ.

ಕಾಗದದ ಮೇಲಿನ ಅಂತರವನ್ನು ಗೋಡೆಯ ಮೇಲೆ ಅಳೆಯುವವರು ಯಾರು ಎಂಬ ಪ್ರಶ್ನೆಗೆ ಮಾನಕ ತಾನಾಗಿ ಉತ್ತರ ಕೊಡಲಾರದು. ದಕ್ಷಿಣ ಆಫ್ರಿಕಾ 2011ರ ವಿದ್ಯುತ್ ಯಂತ್ರೋಪಕರಣ ನಿಯಮಾವಳಿಯಲ್ಲಿ ಅದಕ್ಕೆ ಉತ್ತರ ಕಂಡುಕೊಂಡಿತು. ಅಲ್ಲಿ ಬೇಲಿಯನ್ನು ನೋಂದಾಯಿತ ಅಳವಡಿಕೆದಾರನೇ ಪ್ರಮಾಣೀಕರಿಸಬೇಕು. 2012ರ ಅಕ್ಟೋಬರ್ 1ಕ್ಕೆ ಮುಂಚಿನ ಹಳೆಯ ಬೇಲಿಗೂ, ಅದನ್ನು ಮಾರ್ಪಡಿಸಿದಾಗ ಅಥವಾ ಆಸ್ತಿ ಕೈಬದಲಾದಾಗ, ಪ್ರಮಾಣಪತ್ರ ಬೇಕು. ಹೀಗಾಗಿ ಮನೆ ಮಾರುವವನು ಪೆಟ್ಟಿಗೆಯ ಮೇಲಿನ ಜೂಲ್ ಅಂಕಿ ತೋರಿಸಿ ತಪ್ಪಿಸಿಕೊಳ್ಳುವಂತಿಲ್ಲ. ತಂತಿ, ಗೋಡೆ, ಫಲಕ, ಗೇಟು ಎಲ್ಲವೂ ಪರಿಶೀಲನೆಗೆ ಒಳಪಡಬೇಕು.